ಗೋಡೆಯ ಸುಣ್ಣ, ಭರಣಿಯ ದ್ರಾಕ್ಷಾರಸ

ಮನೆಯನ್ನು ಒಪ್ಪವಾಗಿಟ್ಟುಕೊಳ್ಳಲು ಮನೆಯವರು ತಮ್ಮ ಕೈಯಿಂದಲೇ ಮಾಡಬಹುದಾದ ಕೆಲಸಗಳಲ್ಲಿ ಗೋಡೆಗೆ ಸುಣ್ಣ ಬಳಿಯುವುದು ಬಹು ಹಳೆಯದು. ಡಿಸ್ಟೆಂಪರ್, ಎಮಲ್ಷನ್ ಮೊದಲಾದ ಬಣ್ಣಗಳು ಬಂದ ಮೇಲೆ ಇದರ ಬಳಕೆ ಕಡಮೆಯಾಗಿದೆ. ಆದರೂ ಹಬ್ಬಗಳು ಸಮೀಪಿಸಿದಾಗ ಎಷ್ಟೋ ಮನೆಗಳಲ್ಲಿ ಸುಣ್ಣದ ಬಕೆಟ್ಟು ಇಂದಿಗೂ ಹೊರಬರುತ್ತದೆ. ಕ್ರಿಸ್‌ಮಸ್ ಹಬ್ಬಕ್ಕೆ ಮುನ್ನ ಮಂಗಳೂರು, ಬೆಂಗಳೂರುಗಳ ಕ್ರೈಸ್ತರ ಮನೆಗಳಲ್ಲಿ ಇದರ ಜೊತೆಗೆ ಮತ್ತೊಂದು ಕೆಲಸವೂ ನಡೆಯುವುದುಂಟು. ದ್ರಾಕ್ಷಿಯನ್ನು ಹಿಸುಕಿ, ಸಕ್ಕರೆ ಬೆರೆಸಿ, ಪಿಂಗಾಣಿ ಭರಣಿಯಲ್ಲಿಟ್ಟು ವೈನನ್ನು ತಯಾರಿಸುತ್ತಾರೆ. ಕೊಡಗಿನ ಮನೆಗಳಲ್ಲಿಯೂ ನಾನಾ ಬಗೆಯ ಹಣ್ಣುಗಳಿಂದ ವೈನು ಮಾಡುವ ರೂಢಿಯಿದೆ.

ಸುಣ್ಣಕ್ಕೂ ವೈನಿಗೂ ಮೇಲುನೋಟಕ್ಕೆ ಯಾವ ನಂಟೂ ಕಾಣುವುದಿಲ್ಲ. ಆದರೆ ಎರಡು ಕೆಲಸಗಳ ಹಿಂದೆಯೂ ಇರುವುದು ಒಂದೇ ಅನಿಲ: ಇಂಗಾಲದ ಡೈಆಕ್ಸೈಡ್, ಅಥವಾ ಹಳೆಯ ಪುಸ್ತಕಗಳು ಹೇಳುವಂತೆ ಇಂಗಾಲಾಮ್ಲ ವಾಯು. ಗೋಡೆಯ ಸುಣ್ಣ ಅದನ್ನು ಒಳಕ್ಕೆ ತೆಗೆದುಕೊಂಡು ಗಟ್ಟಿಯಾಗುತ್ತದೆ. ಭರಣಿಯ ರಸ ಅದನ್ನು ಹೊರಕ್ಕೆ ಬಿಟ್ಟು ಮಾಗುತ್ತದೆ. ಸುಣ್ಣ ಕೈಗೆ ಮೆತ್ತಿಕೊಳ್ಳುವುದಕ್ಕೂ, ವೈನಿನ ಸೀಸೆ ಸಿಡಿಯುವುದಕ್ಕೂ ಮುಖ್ಯ ಕಾರಣ ಈ ಅನಿಲದ ದಾರಿಯನ್ನು ನಾವು ಅರಿಯದೆ ಕಟ್ಟಿಹಾಕುವುದೇ ಆಗಿದೆ. ಆದ್ದರಿಂದ ಆ ದಾರಿಯನ್ನು ಸ್ವಲ್ಪ ಹಿಂಬಾಲಿಸಿ ನೋಡೋಣ.

ಕಲ್ಲು ಸುಣ್ಣವಾಗುವ ಬಗೆ

ಒಳನಾಡಿನಲ್ಲಿ ಸುಣ್ಣದ ಕಲ್ಲನ್ನೂ ಕರಾವಳಿಯಲ್ಲಿ ಚಿಪ್ಪುಗಳನ್ನೂ ಸುಟ್ಟು ಸುಣ್ಣ ಮಾಡುತ್ತಾರೆ. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಇವೆರಡೂ ಬಹುಮಟ್ಟಿಗೆ ಒಂದೇ ವಸ್ತು: ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಇದನ್ನು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ, ೧೦೦ ಕಿಲೋಗ್ರಾಂ ಶುದ್ಧ ಕಲ್ಲಿನಿಂದ ೪೪ ಕಿಲೋಗ್ರಾಂ ಇಂಗಾಲಾಮ್ಲ ವಾಯು ಹೊರಟುಹೋಗಿ ೫೬ ಕಿಲೋಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನೋಡುವುದಕ್ಕೆ ಕಲ್ಲು ಕಲ್ಲಾಗಿಯೇ ಇದ್ದರೂ ತೂಕ ಅರ್ಧಕ್ಕೆ ಸಮೀಪವಾಗಿರುತ್ತದೆ.

ಈ ತೂಕದ ನಷ್ಟವನ್ನು ತಕ್ಕಡಿ ಹಿಡಿದು ವಿಚಾರಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ೧೭೫೬ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಅವನು, ಸುಡುವಾಗ ಕಲ್ಲಿನಿಂದ ಒಂದು ಬಗೆಯ ವಾಯು ಹೊರಡುವುದೆಂದೂ, ಸುಣ್ಣ ಅದನ್ನು ಮರಳಿ ಹೀರಿಕೊಂಡು ಮೊದಲಿನಂತಾಗಬಲ್ಲುದೆಂದೂ ತೋರಿಸಿದನು. ಕಲ್ಲಿನಲ್ಲಿ ಸೆರೆಯಾಗಿದ್ದ ಕಾರಣ ಅದನ್ನು ‘ಬಂಧಿತ ವಾಯು’ ಎಂದು ಕರೆದನು. ಉರಿಯುವ ಇದ್ದಿಲಿನಿಂದಲೂ, ನಮ್ಮ ಉಸಿರಿನಿಂದಲೂ, ಹುದುಗುತ್ತಿರುವ ರಸದಿಂದಲೂ ಹೊರಡುವುದು ಇದೇ ವಾಯು ಎಂಬುದನ್ನು ಸುಣ್ಣದ ತಿಳಿನೀರಿನ ಸಹಾಯದಿಂದ ಕಂಡುಕೊಂಡವನೂ ಅವನೇ. ನಮ್ಮ ಗೋಡೆಗೂ ಭರಣಿಗೂ ಮೊದಲು ಸಂಬಂಧ ಕಲ್ಪಿಸಿದವನು ಅವನೆಂದರೆ ತಪ್ಪಾಗದು.

ಸುಟ್ಟ ಸುಣ್ಣ ನೀರಿನೊಡನೆ ಕೂಡಿದಾಗ ಅರಳುತ್ತದೆ. ೫೬ ಭಾಗ ಸುಣ್ಣ ೧೮ ಭಾಗ ನೀರನ್ನು ಹೀರಿ ೭೪ ಭಾಗ ಅರಳಿದ ಸುಣ್ಣವಾಗುತ್ತದೆ. ಆಗ ಹೊರಡುವ ಶಾಖ ನೀರನ್ನು ಕುದಿಸುವಷ್ಟು ತೀವ್ರವಾದುದು. ಆದುದರಿಂದ ಸುಣ್ಣದ ಮೇಲೆ ನೀರನ್ನು ಸುರಿಯದೆ, ಅಗಲವಾದ ಕಬ್ಬಿಣದ ಪಾತ್ರೆಯಲ್ಲಿ ಬೇಕಾದಷ್ಟು ನೀರು ತುಂಬಿ, ಅದಕ್ಕೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಕಣ್ಣಿಗೆ ಕನ್ನಡಕವೂ ಕೈಗೆ ಗವಸೂ ಇರಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ಕಣ್ಣಿಗೆ ಸುಣ್ಣ ಸಿಡಿದರೆ ಉಜ್ಜದೆ, ಹರಿಯುವ ತಣ್ಣೀರಿನಲ್ಲಿ ಕಾಲುಗಂಟೆಗೆ ಕಡಮೆಯಿಲ್ಲದಂತೆ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಗೋಡೆಗೆ ಬೇಕಾದ ಗಾಳಿ

ಬಳಿದ ಸುಣ್ಣ ಗಟ್ಟಿಯಾಗುವುದು ನೀರು ಆರುವುದರಿಂದ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ನೀರು ಆರುವುದು ಕೆಲಸದ ಆರಂಭ ಮಾತ್ರ. ಅರಳಿದ ಸುಣ್ಣ ಗಾಳಿಯಿಂದ ಇಂಗಾಲಾಮ್ಲ ವಾಯುವನ್ನು ಹೀರಿ ಪುನಃ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಕಲ್ಲು, ಆದಾಗಲೇ ಅದರ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗೋಡೆಯನ್ನು ಕಚ್ಚಿ ಹಿಡಿಯುವುದು.

ಇದಕ್ಕೆ ಎಷ್ಟು ಗಾಳಿ ಬೇಕು? ೭೪ ಭಾಗ ಅರಳಿದ ಸುಣ್ಣಕ್ಕೆ ೪೪ ಭಾಗ ಅನಿಲ ಬೇಕು. ಒಂದು ಕಿಲೋಗ್ರಾಮಿಗೆ ಸುಮಾರು ೬೦೦ ಗ್ರಾಂ. ಆದರೆ ಇಂದಿನ ಗಾಳಿಯಲ್ಲಿ ಈ ಅನಿಲದ ಪ್ರಮಾಣ ನೂರಕ್ಕೆ ೦.೦೪ಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಒಂದು ಘನಮೀಟರು ಗಾಳಿಯಲ್ಲಿ ಮುಕ್ಕಾಲು ಗ್ರಾಮಿನಷ್ಟು ದೊರೆಯುತ್ತದೆ. ಹೀಗಾಗಿ ಒಂದು ಕಿಲೋಗ್ರಾಂ ಸುಣ್ಣ ಪೂರ್ತಿಯಾಗಿ ಕಲ್ಲಾಗಲು ಸುಮಾರು ೮೦೦ ಘನಮೀಟರು ಗಾಳಿಯಲ್ಲಿರುವ ಅನಿಲವೆಲ್ಲ ಬೇಕು. ೪ ಮೀಟರು ಉದ್ದ, ೩ ಮೀಟರು ಅಗಲ, ೩ ಮೀಟರು ಎತ್ತರದ ಕೋಣೆಯಲ್ಲಿ ಹಿಡಿಯುವ ಗಾಳಿ ೩೬ ಘನಮೀಟರು. ಅಂದರೆ ಕೋಣೆಯ ಗಾಳಿ ಇಪ್ಪತ್ತೆರಡು ಸಲವಾದರೂ ಹೊಸದಾಗಬೇಕು! ಸುಣ್ಣ ಬಳಿದ ಮೇಲೆ ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

ಗಾಳಿಯಿದ್ದ ಮಾತ್ರಕ್ಕೆ ಸಾಲದು, ತೇವವೂ ಬೇಕು. ಅನಿಲವು ಸುಣ್ಣದೊಡನೆ ಕೂಡುವುದು ತೆಳುವಾದ ನೀರಿನ ಪೊರೆಯಲ್ಲಿ ಕರಗಿದ ನಂತರ. ಗೋಡೆ ಬಿಸಿಲಿಗೆ ಬೇಗನೆ ಒಣಗಿಬಿಟ್ಟರೆ ಸುಣ್ಣ ಪುಡಿಯಾಗಿಯೇ ಉಳಿದು ಕೈಗೆ ಹತ್ತುತ್ತದೆ. ಹಾಗೆಂದು ರಂಧ್ರಗಳೆಲ್ಲ ನೀರಿನಿಂದ ತುಂಬಿದ್ದರೂ ಕೆಲಸ ಕೆಡುತ್ತದೆ. ಏಕೆಂದರೆ ಅನಿಲ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಮೆ. ಆದುದರಿಂದ ಹಳೆಯ ಪುಡಿಯನ್ನು ಕೆರೆದು, ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಬಳಿದು, ಒಂದು ಪದರ ಹಿಡಿದುಕೊಂಡ ಮೇಲೆ ಮತ್ತೊಂದನ್ನು ಕೊಡುವುದೇ ಸರಿಯಾದ ಕ್ರಮ.

ಇಲ್ಲಿ ಹೊಸಬರು ಮೋಸಹೋಗುವುದುಂಟು. ಹಸಿ ಸುಣ್ಣ ಗೋಡೆಯ ಮೇಲೆ ಮಬ್ಬಾಗಿ, ಒಳಗಿನದು ಕಾಣುವಂತೆ ಇರುತ್ತದೆ. ಆರಿದ ಮೇಲೆ ಬೆಳ್ಳಗಾಗುತ್ತದೆ. ಕಣಗಳ ನಡುವೆ ನೀರಿರುವಾಗ ಬೆಳಕು ಅಷ್ಟಾಗಿ ದಿಕ್ಕು ಬದಲಿಸದೆ ಹಾದುಹೋಗುತ್ತದೆ. ನೀರಿನ ಜಾಗಕ್ಕೆ ಗಾಳಿ ಬಂದೊಡನೆ ಸುಣ್ಣಕ್ಕೂ ಸುತ್ತಲಿನದಕ್ಕೂ ವಕ್ರೀಭವನಾಂಕದ ಅಂತರ ಹೆಚ್ಚಿ, ಬೆಳಕು ಎಲ್ಲ ಕಡೆಗೂ ಚದುರಿ ಬಿಳುಪು ಕಾಣುತ್ತದೆ. ಇದನ್ನರಿಯದೆ, ಹಸಿಯಿರುವಾಗಲೇ ಬಿಳುಪು ಸಾಲದೆಂದು ದಪ್ಪನಾಗಿ ಮೆತ್ತಿದರೆ, ಅನಿಲ ಒಳಗಿನವರೆಗೆ ಇಳಿಯಲಾರದೆ ಪದರ ಸಿಪ್ಪೆಯೇಳುತ್ತದೆ.

ಕೆಲಸ ಎಲ್ಲಿಯವರೆಗೆ ಬಂದಿದೆಯೆಂದು ತಿಳಿಯಲು ನಮ್ಮ ಮನೆಯಲ್ಲಿಯೇ ಒಂದು ಸಾಧನವಿದೆ. ಆರತಿಯ ನೀರಿನಲ್ಲಿ ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಎಲ್ಲರೂ ಬಲ್ಲರು. ಹೊಸದಾಗಿ ಬಳಿದ ಗೋಡೆಯ ಮೂಲೆಯೊಂದಕ್ಕೆ ಅರಿಸಿನದ ನೀರು ಸೋಕಿಸಿದರೆ ಆ ಕಡುಗೆಂಪು ಮೂಡುತ್ತದೆ. ಕಲ್ಲಾಗಿ ಹೋದ ಹಳೆಯ ಪದರದಲ್ಲಿ ಅಷ್ಟು ಗಾಢವಾಗಿ ಮೂಡದು.

ಭರಣಿಯೊಳಗಿನ ವ್ಯಾಪಾರ

ಈಗ ಇದೇ ಅನಿಲ ಹೊರಡುವ ಕಡೆಗೆ ಬರೋಣ. ಹಿಸುಕಿದ ಹಣ್ಣಿನ ರಸದಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಉಂಟುಮಾಡುತ್ತದೆ. ಈ ಲೆಕ್ಕವನ್ನು ತೂಗಿ ನೋಡಿ ೧೭೮೯ರ ತನ್ನ ಗ್ರಂಥದಲ್ಲಿ ನಿರೂಪಿಸಿದವನು ಫ್ರಾನ್ಸಿನ ಲವಾಸಿಯೆ. ಇದು ಜೀವಿಯ ಕಾರ್ಯವೆಂದು ೧೮೫೭ರಿಂದ ಮುಂದಿನ ವರ್ಷಗಳಲ್ಲಿ ಪ್ರಯೋಗಗಳಿಂದ ಸಮರ್ಥಿಸಿದವನು ಪಾಸ್ತರ್. ೧೮೯೭ರಲ್ಲಿ ಜರ್ಮನಿಯ ಬುಕ್ನರ್, ಯೀಸ್ಟನ್ನು ಅರೆದು ಹಿಂಡಿದ ಜೀವಕೋಶವಿಲ್ಲದ ರಸವೂ ಇದೇ ಕೆಲಸ ಮಾಡಬಲ್ಲುದೆಂದು ತೋರಿಸಿ, ಇದರ ಗುಟ್ಟು ಕಿಣ್ವಗಳಲ್ಲಿದೆ ಎಂಬುದನ್ನು ಸ್ಥಾಪಿಸಿದನು. ೧೯೦೭ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ದ್ರಾಕ್ಷಿಯ ಸಕ್ಕರೆ ೧೮೦ ಗ್ರಾಂ ಇದ್ದರೆ, ಲೆಕ್ಕದಂತೆ ೯೨ ಗ್ರಾಂ ಮದ್ಯಸಾರವೂ ೮೮ ಗ್ರಾಂ ಅನಿಲವೂ ಹುಟ್ಟಬೇಕು. ಒಂದು ಲೀಟರು ರಸದಲ್ಲಿ ೨೦೦ ಗ್ರಾಂ ಸಕ್ಕರೆಯಿದೆಯೆಂದು ಇಟ್ಟುಕೊಳ್ಳೋಣ. ಅದೆಲ್ಲವೂ ಹುದುಗಿದರೆ ಸುಮಾರು ೯೮ ಗ್ರಾಂ ಅನಿಲ ಹೊರಡುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಗಾತ್ರ ೫೦ ಲೀಟರಿಗೂ ಹೆಚ್ಚು. ಒಂದು ಲೀಟರಿನ ಸೀಸೆಯ ಬಾಯನ್ನು ಆರಂಭದಲ್ಲಿಯೇ ಬಿಗಿದರೆ ಇಷ್ಟು ಅನಿಲ ಎಲ್ಲಿಗೆ ಹೋಗಬೇಕು? ಲೀಟರಿಗೆ ಬರಿಯ ೪ ಗ್ರಾಂ ಸಕ್ಕರೆ ಹುದುಗಿದರೂ ಒಳಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಸುಮಾರು ಆರು ವಾಯುಮಂಡಲದ ಒತ್ತಡವಿರುವ ಷಾಂಪೇನಿಗೆ ದಪ್ಪಗಾಜಿನ ವಿಶೇಷ ಸೀಸೆ ಬೇಕಾಗುತ್ತದೆ. ಅಂದಮೇಲೆ ಸಾಧಾರಣ ಸೀಸೆಯಲ್ಲಿ ಲೀಟರಿಗೆ ೨೪ ಗ್ರಾಂ ಸಕ್ಕರೆ ಉಳಿದಿರುವಾಗ ಬಿರಡೆ ಜಡಿಯುವುದು ಸಿಡಿಗುಂಡನ್ನು ಅಟ್ಟದ ಮೇಲಿಟ್ಟಂತೆಯೇ ಸರಿ.

ಹುದುಗುವಾಗ ಶಾಖವೂ ಹೊರಡುತ್ತದೆ. ಮೇಲೆ ಹೇಳಿದ ಒಂದು ಲೀಟರು ರಸದ ಶಾಖವೆಲ್ಲ ಅದರಲ್ಲಿಯೇ ನಿಂತರೆ ಉಷ್ಣತೆ ೨೫ ಡಿಗ್ರಿಯಷ್ಟು ಏರಬಹುದು. ಮನೆಯ ಭರಣಿ ಚಿಕ್ಕದಾದುದರಿಂದ ಗಾತ್ರಕ್ಕೆ ಹೋಲಿಸಿದಾಗ ಅದರ ಹೊರಮೈ ದೊಡ್ಡದು. ಶಾಖ ಸುಲಭವಾಗಿ ಹೊರಹೋಗುತ್ತದೆ. ಕಾರ್ಖಾನೆಯ ದೊಡ್ಡ ತೊಟ್ಟಿಗಳಿಗಾದರೆ ತಂಪು ಮಾಡುವ ಏರ್ಪಾಡು ಬೇಕೇ ಬೇಕು.

ಒಮ್ಮುಖದ ಬಾಗಿಲು

ಹಾಗಾದರೆ ಭರಣಿಯ ಬಾಯನ್ನು ತೆರೆದೇ ಇಡಬಹುದೇ? ಮೊದಲ ಕೆಲವು ದಿನ ಅಡ್ಡಿಯಿಲ್ಲ. ಮುಕ್ಕಾಲು ಭಾಗ ಮಾತ್ರ ತುಂಬಿ, ಶುಭ್ರವಾದ ಬಟ್ಟೆ ಕಟ್ಟಿ, ತೇಲಿ ಬರುವ ಸಿಪ್ಪೆಯನ್ನು ದಿನವೂ ಒಳಕ್ಕೆ ಒತ್ತಿ ಕದಡಿದರೆ ಸಾಕು. ನೊರೆಯ ಅಬ್ಬರ ಇಳಿದ ಮೇಲೆ ಮಾತು ಬೇರೆ. ಆಗ ಗಾಳಿಯ ಆಮ್ಲಜನಕ ಒಳಹೊಕ್ಕರೆ ಬೇರೊಂದು ಜಾತಿಯ ಬ್ಯಾಕ್ಟೀರಿಯ ಮದ್ಯಸಾರವನ್ನು ಹುಳಿಯಾಗಿಸಿ, ವೈನಿಗೆ ಬದಲು ವಿನಿಗರ್ ಆಗುತ್ತದೆ. ಒಳಗಿನ ಅನಿಲ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು.

ಇದಕ್ಕೆ ಉಪಾಯ ಸರಳ. ರಸವನ್ನು ಸೋಸಿ ಸೀಸೆಗೆ ತುಂಬಿ, ಬಿರಡೆಯಲ್ಲಿ ರಂಧ್ರ ಕೊರೆದು ಕೊಳವೆ ತೂರಿಸಿ, ಹೊರತುದಿಯನ್ನು ಒಂದು ಲೋಟದ ನೀರಿನಲ್ಲಿ ೨ ಸೆಂಟಿಮೀಟರು ಮುಳುಗಿಸಬೇಕು. ಒಂದು ವಾಯುಮಂಡಲದ ಒತ್ತಡ ಸುಮಾರು ೧೦ ಮೀಟರು ನೀರಿನ ಎತ್ತರಕ್ಕೆ ಸಮ. ಆದುದರಿಂದ ಅದರ ಐನೂರರಲ್ಲೊಂದು ಪಾಲು ಹೆಚ್ಚಾದರೂ ಅನಿಲ ಗುಳ್ಳೆಯಾಗಿ ಹೊರಬೀಳುತ್ತದೆ. ಗಾಳಿಗೆ ಮಾತ್ರ ಒಳದಾರಿಯಿಲ್ಲ.

ಗುಳ್ಳೆ ನಿಂತಿತೆಂದು ಕೂಡಲೇ ಬಿರಡೆ ಜಡಿಯಬಾರದು. ಚಳಿಗೆ ಯೀಸ್ಟ್ ಕೆಲಸವನ್ನು ತಡೆಹಿಡಿದು, ಸೆಕೆ ಬಂದಾಗ ಮತ್ತೆ ತೊಡಗಬಹುದು. ನಂಬಬಹುದಾದ ಸಾಕ್ಷಿ ಹೈಡ್ರೋಮೀಟರಿನದು. ಲೀಟರಿಗೆ ೨೦೦ ಗ್ರಾಂ ಸಕ್ಕರೆಯುಳ್ಳ ರಸದ ಸಾಪೇಕ್ಷ ಸಾಂದ್ರತೆ ಸುಮಾರು ೧.೦೮. ಸಕ್ಕರೆ ಕರಗಿಹೋಗಿ, ನೀರಿಗಿಂತ ಹಗುರವಾದ ಮದ್ಯಸಾರ ಹೆಚ್ಚಿದಂತೆ ಅದು ಒಂದಕ್ಕೆ, ಅದಕ್ಕಿಂತಲೂ ತುಸು ಕೆಳಕ್ಕೆ, ಇಳಿಯುತ್ತದೆ. ಹಾಗೆ ಇಳಿದು, ಎರಡು ಮೂರು ವಾರ ಅಲ್ಲಿಯೇ ನಿಂತರೆ ಸೀಸೆ ಮುಚ್ಚಬಹುದು.

ಎಚ್ಚರಿಕೆಯ ಮಾತುಗಳು

ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಕಿಟಕಿಯಿರುವ ಕೋಣೆಯಲ್ಲಿ ಒಂದು ಭರಣಿಯಿಂದ ಭಯವಿಲ್ಲ. ಆದರೆ ನೆಲಮಾಳಿಗೆಯಲ್ಲಿ, ಗಾಳಿಯಾಡದ ಉಗ್ರಾಣದಲ್ಲಿ ಹಲವು ಭರಣಿಗಳನ್ನು ಇಡಬಾರದು. ಉತ್ತರ ಕರ್ನಾಟಕದ ಹಗೇವುಗಳಲ್ಲಿ, ಕಾಳು ಉಸಿರಾಡಿ ಬಿಟ್ಟ ಇದೇ ಅನಿಲ ತುಂಬಿ, ಆಮ್ಲಜನಕ ಕುಗ್ಗಿ, ಇಳಿದವರು ಜೀವ ಕಳೆದುಕೊಂಡದ್ದುಂಟು. ನೂರಕ್ಕೆ ಹತ್ತರಷ್ಟು ಸೇರಿದ ಗಾಳಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲುದು. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯಲ್ಲಿ ದೀಪ ಆರಿದರೆ ಅಪಾಯ ನಿಶ್ಚಯ. ಆರದಿದ್ದ ಮಾತ್ರಕ್ಕೆ ನಿರ್ಭಯವೆನ್ನುವಂತಿಲ್ಲ.

ಮದ್ಯದ ತಯಾರಿಕೆ ಅಬಕಾರಿ ಕಾನೂನಿಗೆ ಒಳಪಟ್ಟದ್ದು. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೈಹಾಕುವ ಮುನ್ನ ಅದನ್ನು ತಿಳಿದುಕೊಳ್ಳಬೇಕು. ಮನೆಯಲ್ಲಿ ಬಟ್ಟಿಯಿಳಿಸುವ ಯತ್ನವನ್ನಂತೂ ಯಾರೂ ಮಾಡಕೂಡದು.

ಎರಡನ್ನೂ ಕೂಡಿಸುವ ಪ್ರಯೋಗ

ಮದ್ಯದ ಗೊಡವೆ ಬೇಡವೆನ್ನುವವರೂ ಈ ಪ್ರಯೋಗವನ್ನು ಮಾಡಬಹುದು. ತಾಂಬೂಲಕ್ಕೆ ಬಳಸುವ ಬಿಳಿಯ ಸುಣ್ಣವನ್ನು ಒಂದು ಚಮಚದಷ್ಟು ಸೀಸೆ ನೀರಿಗೆ ಹಾಕಿ ಕುಲುಕಿ, ರಾತ್ರಿಯೆಲ್ಲ ಬಿಟ್ಟು, ಮೇಲಿನ ತಿಳಿಯನ್ನು ಲೋಟಕ್ಕೆ ಬಸಿದುಕೊಳ್ಳಬೇಕು. ಇನ್ನೊಂದು ಸೀಸೆಯಲ್ಲಿ ಬೆಚ್ಚನೆಯ ಬೆಲ್ಲದ ನೀರಿಗೆ ಬೇಕರಿಯ ಯೀಸ್ಟ್ ಬೆರೆಸಿ, ಮೇಲೆ ಹೇಳಿದ ಕೊಳವೆಯ ತುದಿಯನ್ನು ಆ ತಿಳಿಯಲ್ಲಿ ಮುಳುಗಿಸಬೇಕು. ಗುಳ್ಳೆಗಳು ಹೊರಟಂತೆ ತಿಳಿ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಕಣಗಳದು. ಗೋಡೆಯ ಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ನಡೆಯುವ ಕ್ರಿಯೆ ಲೋಟದಲ್ಲಿ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಂಡಿದೆ. ಅನಿಲವನ್ನು ಇನ್ನೂ ಹಾಯಿಸುತ್ತ ಹೋದರೆ ನೀರು ಪುನಃ ತಿಳಿಯಾಗುತ್ತದೆ. ಅದನ್ನು ಕುದಿಸಿದರೆ ಮತ್ತೆ ಬೆಳ್ಳಗಾಗುತ್ತದೆ. ಗಡಸುನೀರು ಕಾಯಿಸುವ ಹಂಡೆಯಲ್ಲಿ ಬಿಳಿಯ ಪದರ ಕಟ್ಟುವುದೂ ಹೀಗೆಯೇ.

ಒಂದು ಲೀಟರು ದ್ರಾಕ್ಷಾರಸ ಬಿಡುವ ೯೮ ಗ್ರಾಂ ಅನಿಲ ಸುಮಾರು ೧೬೫ ಗ್ರಾಂ ಅರಳಿದ ಸುಣ್ಣವನ್ನು ಕಲ್ಲಾಗಿಸಲು ಸಾಕು. ಪ್ರಯೋಗವನ್ನು ಮಾಡಿ ನೋಡಿದವರು, ಸುಣ್ಣ ಬಳಿದ ಕೋಣೆಯ ಕಿಟಕಿಯನ್ನು ಮುಚ್ಚಲಾರರು. ಹುದುಗುವ ಸೀಸೆಯ ಬಾಯನ್ನು ಬಿಗಿಯಲಾರರು. ಕೆಲಸ ಮುಗಿದ ಮೇಲೆ ಲೋಟವನ್ನೂ ಕೈಗಳನ್ನೂ ಚೆನ್ನಾಗಿ ತೊಳೆದುಕೊಳ್ಳುವುದನ್ನು ಮರೆಯಬಾರದು.