ಪರದೇಶದ ಪಂಕ್ತಿಯಲ್ಲಿ ಪ್ರಸಾದಿಯ ಅವಧಾನ

ಮನೆಗೆ ಬಂದವರನ್ನು ಆದರಿಸುವ ಬಗೆಯನ್ನು ಶರಣರ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸವಣ್ಣನವರ ಜನ್ಮಸ್ಥಾನವಾದ ಬಾಗೇವಾಡಿಯ ಸೀಮೆಯಲ್ಲಿ, ಮುಳವಾಡದಂಥ ಊರುಗಳಲ್ಲಿ, ಹೊತ್ತಿಗೆ ಬಂದವನಿಗೆ ಜೋಳದ ರೊಟ್ಟಿ, ಪಲ್ಯ, ಸೇಂಗಾ ಹಿಂಡಿ ದೊರೆಯದೆ ಹೋಗದು. ಆದರೆ ಪರರ ಮನೆಯಲ್ಲಿ ತಾನೇ ಅತಿಥಿಯಾದಾಗ ಹೇಗಿರಬೇಕೆಂಬುದೂ ಕಲಿಯತಕ್ಕ ವಿಷಯವೇ. ವಿದ್ಯೆಗಾಗಿಯೂ ವ್ಯಾಪಾರಕ್ಕಾಗಿಯೂ ಚೀನ ದೇಶಕ್ಕೆ ಹೋಗಿಬರುವ ಕನ್ನಡಿಗರು ಈಗ ಉಂಟು. ಅಲ್ಲಿಯ ಗೃಹಸ್ಥನೊಬ್ಬನು ಊಟಕ್ಕೆ ಕರೆದರೆ ಲಿಂಗವಂತನು ಏನು ಮಾಡಬೇಕು? ಹೋದರೆ ವ್ರತಕ್ಕೆ ಭಂಗವೆಂಬ ಅಂಜಿಕೆ. ಹೋಗದಿದ್ದರೆ ಪ್ರೀತಿಗೆ ಭಂಗವೆಂಬ ಅಳುಕು.

ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಎಂದು ಷಟ್‌ಸ್ಥಲ ಶಾಸ್ತ್ರವು ಭಕ್ತಿಯ ಲಕ್ಷಣವನ್ನು ಕ್ರಮವಾಗಿ ಹೇಳುತ್ತದೆ. ನಿಷ್ಠೆಯೆಂದರೆ ಹಿಡಿದ ವ್ರತವನ್ನು ಬಿಡದಿರುವುದು, ಅವಧಾನವೆಂದರೆ ಎಚ್ಚರ. ಲಿಂಗಕ್ಕೆ ಅರ್ಪಿತವಾಗುವ ತನಕ ಅನ್ನವು ಪದಾರ್ಥ, ಅರ್ಪಿತವಾದ ಮೇಲೆ ಪ್ರಸಾದ. ಪ್ರಸಾದ ಶಬ್ದಕ್ಕೆ ತಿಳಿತನ, ಪ್ರಸನ್ನತೆ ಎಂಬ ಅರ್ಥವೂ ಉಂಟು. ಆದುದರಿಂದ ಅನ್ನವು ಶುದ್ಧವಾಗಿದ್ದು ಉಣ್ಣುವವನ ಮನಸ್ಸು ಕಲಕಿದ್ದರೆ ಪ್ರಸಾದತ್ವವು ಪೂರ್ಣವಾಗದು.

ಚೀನದ ಮನೆಯ ರೀತಿಯಲ್ಲಿ ಪರಿಚಿತವಾದುದು ಬಹಳವಿದೆ. ‘ಊಟವಾಯಿತೇ’ ಎಂದು ಕುಶಲ ಕೇಳುವ ರೂಢಿ ಅಲ್ಲಿಯೂ ಉಂಟು. ಹಿರಿಯರು ತೊಡಗುವ ಮುನ್ನ ಕಿರಿಯರು ಉಣತೊಡಗುವುದು ಮರ್ಯಾದೆಯಲ್ಲ. ಚಹವನ್ನು ಮೊದಲು ಇತರರ ಬಟ್ಟಲಿಗೆ ಎರೆದು ಕೊನೆಗೆ ತಮ್ಮದಕ್ಕೆ ಎರೆದುಕೊಳ್ಳುವರು. ಬಟ್ಟಲಿನ ಒಂದೊಂದು ಅಗುಳೂ ರೈತನ ಬೆವರೆಂದು ಮಕ್ಕಳಿಗೆ ಕಲಿಸುವರು. ಉತ್ತರ ಚೀನದ ಮನೆಗಳಲ್ಲಿ ನವಣೆಯ ಗಂಜಿ ನಿತ್ಯದ ಆಹಾರ. ಕನ್ನಡ ನಾಡಿನ ಹೊಲಗಳಲ್ಲಿ ಬೆಳೆಯುವ ಈ ನವಣೆಯನ್ನು ಮನುಷ್ಯನು ಮೊದಲು ಬೆಳೆಯಾಗಿ ಪಳಗಿಸಿದ್ದು ಆ ಉತ್ತರ ಚೀನದಲ್ಲಿಯೇ, ಸುಮಾರು 8000 ವರ್ಷಗಳ ಹಿಂದೆ, ಎಂದು ಶೋಧಕರು ಹೇಳುತ್ತಾರೆ. ಆ ಮನೆಯ ಕಾಳು ಈ ಮನೆಗೆ ಎಂದೋ ಬಂದು ಸೇರಿದೆ.

ಭೇದವೂ ಉಂಟು. ಪದಾರ್ಥಗಳನ್ನು ನಡುವೆ ಇರಿಸಿ, ಎಲ್ಲರೂ ತಮ್ಮ ತಮ್ಮ ಕಡ್ಡಿಗಳಿಂದ ತೆಗೆದುಕೊಳ್ಳುವುದು ಅಲ್ಲಿಯ ವಾಡಿಕೆ. ಮನೆಯ ಯಜಮಾನಿಯು ಅದೇ ಕಡ್ಡಿಗಳಿಂದ ಅತಿಥಿಯ ಬಟ್ಟಲಿಗೆ ತುತ್ತನ್ನಿಟ್ಟರೆ ಅದು ಎಂಜಲೆಂಬ ಭಾವನೆ ಅವರಿಗಿಲ್ಲ, ಅದು ವಾತ್ಸಲ್ಯ. ಬಡಿಸಲಿಕ್ಕೆ ಬೇರೆ ಕಡ್ಡಿಗಳನ್ನಿಡುವ ಪದ್ಧತಿಯೂ ಈಗ ಇದೆ. ಅದನ್ನು ವಿನಯದಿಂದ ಕೇಳಬಹುದು. ಬರಿಯ ಕಾಯಿಪಲ್ಯವಾಗಿ ಕಂಡದ್ದರಲ್ಲಿಯೂ ಹಂದಿಯ ಕೊಬ್ಬು ಅಥವಾ ಮಾಂಸದ ಸಾರು ಬೆರೆತಿರಬಹುದು. ಆದುದರಿಂದ ಹೇಳಬೇಕಾದುದನ್ನು ಕರೆದಾಗಲೇ ಹೇಳಬೇಕು. ಬಡಿಸಿದ ಮೇಲೆ ಅಲ್ಲ. ಮಾಂಸವಿಲ್ಲದ ಆಹಾರಕ್ಕೆ ಅವರಲ್ಲಿ ‘ಸು’ ಎಂಬ ಹೆಸರಿದೆ. 502ರಿಂದ 549ರ ವರೆಗೆ ಆಳಿದ ಲಿಯಾಂಗ್ ವಂಶದ ಚಕ್ರವರ್ತಿ ವೂ ಬೌದ್ಧ ಭಿಕ್ಷುಗಳು ಮಾಂಸವನ್ನು ಬಿಡಬೇಕೆಂದು ವಿಧಿಸಿದನು. ಅಂದಿನಿಂದ ಆ ವ್ರತ ಅಲ್ಲಿ ಬೇರೂರಿದೆ. ‘ಇದು ನನ್ನ ಧರ್ಮದ ನೇಮ’ ಎಂದರೆ ಆ ಮಾತು ಅವರಿಗೆ ಹೊಸದಲ್ಲ. ಮೊಟ್ಟೆಯೂ ಸಲ್ಲದೆಂಬುದನ್ನು ಬೇರೆಯಾಗಿಯೇ ತಿಳಿಸಬೇಕು.

ಇಷ್ಟಾದರೂ ಅರಿಯದೆ ಮಾಂಸವನ್ನು ಬಟ್ಟಲಿಗೆ ಇಟ್ಟರೆ? ನಾಚಿಕೆಯಿಂದ ತಿಂದರೆ ನಿಷ್ಠೆ ಕೆಟ್ಟಿತು. ಮುಖ ಸಿಂಡರಿಸಿ ಎದ್ದರೆ ಅವಧಾನ ಕೆಟ್ಟಿತು. ಕೈಮುಗಿದು ಕಾರಣ ಹೇಳಿ, ಬಟ್ಟಲನ್ನು ಬದಿಗಿರಿಸಿ, ಸಲ್ಲುವ ಅನ್ನವನ್ನು ಕೇಳಿ ಪಡೆದು, ಇಷ್ಟಲಿಂಗಕ್ಕೆ ಅರ್ಪಿಸಿ ಸಂತೋಷದಿಂದ ಉಣ್ಣುವುದೇ ಮಾರ್ಗ. ಅವರು ತಮ್ಮ ರೂಢಿಯಂತೆ ಉಣ್ಣುವುದನ್ನು ಹಳಿಯುವ ಅಧಿಕಾರ ಅತಿಥಿಗಿಲ್ಲ.

ಪರದೇಶದ ಪಂಕ್ತಿಯಲ್ಲಿ ಬೆರೆತವರು ಹಿಂದೆಯೂ ಇದ್ದರು. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನದ ಭಿಕ್ಷು ಹ್ಯುಯೆನ್‌ತ್ಸಾಂಗನು, ಭಾರತೀಯರು ಉಣ್ಣುವ ಮುನ್ನ ಶುಚಿಯಾಗುವುದನ್ನೂ ಉಳಿದ ಅನ್ನವನ್ನು ಮತ್ತೆ ಬಡಿಸದಿರುವುದನ್ನೂ ಆದರದಿಂದ ಬರೆದಿಟ್ಟನು. ಶಿವಯೋಗಿ ಸಿದ್ಧರಾಮನ ಸೊನ್ನಲಿಗೆ, ಇಂದಿನ ಸೊಲ್ಲಾಪುರ. ಅಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟಣೀಸರು 1938ರಲ್ಲಿ ಗಾಯಾಳುಗಳ ಸೇವೆಗಾಗಿ ಚೀನಕ್ಕೆ ಹೋದರು. ಅಲ್ಲಿಯ ನುಡಿಯನ್ನು ಕಲಿತು, ಗುವೋ ಚಿಂಗ್‌ಲಾನ್ ಎಂಬ ದಾದಿಯನ್ನು ವರಿಸಿ, 1942ರ ಡಿಸೆಂಬರ್ 9ರಂದು ಅಲ್ಲಿಯೇ ದೇಹವಿಟ್ಟರು. ಅತಿಥಿಯಾಗಿ ಹೋದವರು ಮನೆಯವರಾದರು.

ವ್ರತವು ತನ್ನನ್ನು ಕಟ್ಟುವುದಕ್ಕೆ, ಪರರನ್ನು ಅಳೆಯುವುದಕ್ಕಲ್ಲ. ನಾಲಗೆಯಲ್ಲಿ ನಿಷ್ಠೆ, ನೋಟದಲ್ಲಿ ಅವಧಾನ ಇವೆರಡೂ ಇದ್ದವನಿಗೆ ಯಾವ ದೇಶದ ಪಂಕ್ತಿಯೂ ಪರಕೀಯವಲ್ಲ.