ಎರಡನೆಯ ವಿಮಾನ ಮತ್ತು ಹನ್ನೆರಡು ಗ್ರಾಂ ಅಂಟು

ನನ್ನ ಮೊದಲ ರೇಡಿಯೋ ನಿಯಂತ್ರಿತ ವಿಮಾನ ಹತ್ತು ಸೆಕೆಂಡು ಕೂಡ ಹಾರಲಿಲ್ಲ. ಹೊಸ ಅಗ್ರಹಾರದಲ್ಲಿ ನಮ್ಮ ಮನೆಯ ಹಿಂದಿನ ಕೊಯ್ಲಾದ ಗದ್ದೆಯಲ್ಲಿ ಕೈಯಿಂದ ಎಸೆದ ಕೂಡಲೇ ಮೂತಿ ಮೇಲೆತ್ತಿತು, ಒಂದು ಕ್ಷಣ ಗಾಳಿಯಲ್ಲೇ ನಿಂತಂತಾಯಿತು, ಪಕ್ಕಕ್ಕೆ ಮಗುಚಿ ತಮ್ಮ ನಿಂತಿದ್ದ ಬದುವಿನ ಹತ್ತಿರವೇ ಬಿತ್ತು. ಅವನಿಗೆ ಏನೂ ಆಗಲಿಲ್ಲ. ಆದರೆ ಅಮ್ಮಿ ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಬ್ಬಾ ಮಾತ್ರ, "ಯಾಕೆ ಬಿತ್ತು ಅಂತ ಬರೆದು ತೋರಿಸು ಬೇಟಾ, ಆಮೇಲೆ ಎರಡನೆಯದರ ಮಾತು" ಎಂದರು.

ಬರೆಯಲು ಕೂತಾಗಲೇ ನನಗೆ ವಿಷಯ ಅರ್ಥವಾದದ್ದು. ಕಲಿಯುವವರ ವಿಮಾನದಲ್ಲಿ ತೂಕದ ಕೇಂದ್ರ ಇರಬೇಕಾದ್ದು ರೆಕ್ಕೆಯ ಮುಂಚೂಣಿ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ. ನನ್ನ ರೆಕ್ಕೆಯ ಅಗಲ 20 ಸೆಂ.ಮೀ. ಹಾಗಾದರೆ ಕೇಂದ್ರ 5ರಿಂದ ಸುಮಾರು 6.7 ಸೆಂ.ಮೀ. ಹಿಂದೆ ಇರಬೇಕಿತ್ತು. ಅದು ಇನ್ನೂ ಹಿಂದಕ್ಕೆ ಹೋಗಿತ್ತು. ಬಾಲ ಭಾರವಾದರೆ ಮೂತಿ ಏಳುತ್ತದೆ. ತೀರಾ ಎದ್ದರೆ ರೆಕ್ಕೆಯ ಮೇಲ್ಭಾಗಕ್ಕೆ ಅಂಟಿಕೊಂಡು ಹರಿಯುವ ಗಾಳಿ ಬಿಟ್ಟುಹೋಗಿ, ಎತ್ತುವ ಬಲ ಕುಸಿಯುತ್ತದೆ. ಇದನ್ನೇ ಸ್ಟಾಲ್ ಎನ್ನುತ್ತಾರೆ. ಮೋಟರ್ ತಿರುಗುತ್ತಲೇ ಇರುತ್ತದೆ, ವಿಮಾನ ಬೀಳುತ್ತದೆ.

ಬಾಲ ಯಾಕೆ ಭಾರವಾಯಿತು? ಗಟ್ಟಿಯಾಗಿರಲಿ ಎಂದು ಅಲ್ಲಿ ಸುರಿದ ಎಪಾಕ್ಸಿ ಅಂಟಿನಿಂದ. ಹೆಚ್ಚೆಂದರೆ 12 ಗ್ರಾಂ. ಆದರೆ ಅದು ಕೇಂದ್ರದಿಂದ 60 ಸೆಂ.ಮೀ. ಹಿಂದೆ ಇತ್ತು: 12ನ್ನು 60ರಿಂದ ಗುಣಿಸಿದರೆ 720. ಮೂತಿ ಇರುವುದು 20 ಸೆಂ.ಮೀ. ಮುಂದೆ ಅಷ್ಟೇ, ಆದ್ದರಿಂದ ಸರಿದೂಗಿಸಲು ಅಲ್ಲಿ 36 ಗ್ರಾಂ ಸೀಸ ಬೇಕು. ಹನ್ನೆರಡು ಗ್ರಾಂ ತಪ್ಪಿಗೆ ವಿಮಾನ ಒಟ್ಟು 48 ಗ್ರಾಂ ದಪ್ಪಗಾಗುತ್ತದೆ. ಬಡ್ಡಿಗೆ ಸಾಲ ತಂದ ಹಾಗೆ.

ತೂಕದ ಕಾಟ ದೊಡ್ಡವರನ್ನೂ ಬಿಟ್ಟಿಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ತಯಾರಿಸಿ 2004ರಲ್ಲಿ ಹಾರಿಸಿದ ಸರಸ್ ವಿಮಾನದ ಮೊದಲ ಮಾದರಿ ಯೋಜನೆಗಿಂತ ಭಾರವಾಗಿತ್ತು. 2007ರಲ್ಲಿ ಹಾರಿದ ಎರಡನೆಯ ಮಾದರಿಯನ್ನು ಹಗುರ ಮಾಡಲು ಹೆಚ್ಚು ಕಾಂಪೊಸಿಟ್ ಭಾಗಗಳನ್ನು ಬಳಸಿದರು.

ನನ್ನ ಲೆಕ್ಕ ನೋಡಿ ಅಬ್ಬಾ ಒಪ್ಪಿದರು. ಎರಡನೆಯ ಕಿಟ್ಟನ್ನು ಮೂರು ವಾರ ಕಟ್ಟಿದೆ. ಬಾಲ್ಸಾ ಮರದ ತುಂಡುಗಳನ್ನು ಅಂಟಿಸುವ ಮೊದಲು ಚಾಚಾ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಅಂಟಿಸಿದ ಮೇಲೆ ಮತ್ತೆ ತೂಗಿ, ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಬರೆದೆ. ಗಿರಾಕಿಗಳು ನಕ್ಕರು. ಬಾಲದ ಅಂಟು ಈ ಸಲ 3 ಗ್ರಾಂ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದಾಗ ಬಾಲ ಇನ್ನೂ ಸ್ವಲ್ಪ ತಗ್ಗಿತು. ಸೀಸ ಹಾಕಲಿಲ್ಲ, ಬ್ಯಾಟರಿಯನ್ನೇ 2 ಸೆಂ.ಮೀ. ಮುಂದೆ ಸರಿಸಿದೆ. ಭಾರವಾದ ಸಾಮಾನು ಹೇಗೂ ಇದ್ದೇ ಇರುತ್ತದಲ್ಲ, ಅದನ್ನೇ ದುಡಿಸಬೇಕು. ವಿಮಾನ ಬೆರಳ ಮೇಲೆ ಸಮವಾಗಿ ನಿಂತಿತು.

ಇಲ್ಲಿ ನಮ್ಮ ಅಕೌಂಟೆನ್ಸಿ ಪಾಠ ನೆನಪಿಗೆ ಬಂತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಒಂದು ವ್ಯವಹಾರವನ್ನು ಬರೆಯದೇ ಬಿಟ್ಟರೂ ಅದು ತಾಳೆಯಾಗುತ್ತದೆ. ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಹಿಂಬದಿಯ ಪಟ್ಟಿ, ಅಂದರೆ ಐಲೆರಾನ್, ಮೇಲೇಳಬೇಕು. ನನ್ನದು ಕೆಳಗಿಳಿಯಿತು! ಹಾಗೇ ಎಸೆದಿದ್ದರೆ ಬಲಕ್ಕೆ ತಿರುಗಿಸಿದಾಗ ಎಡಕ್ಕೆ ವಾಲುತ್ತಿತ್ತು. ರಿಮೋಟಿನಲ್ಲಿ ಆ ಚಾನೆಲನ್ನು ತಿರುವುಮುರುವು ಮಾಡಿದೆ, ಸರಿಯಾಯಿತು.

ಅಸರ್ ನಮಾಜಿನ ನಂತರ ಗಾಳಿ ತಗ್ಗಿದಾಗ ಅದೇ ಗದ್ದೆಗೆ ಹೋದೆವು. ತಮ್ಮನನ್ನು ನನ್ನ ಬೆನ್ನ ಹಿಂದೆಯೇ ನಿಲ್ಲಿಸಿದೆ, ಅಮ್ಮಿಯೂ ಬಂದು ಅವನ ಕೈ ಹಿಡಿದುಕೊಂಡರು. ಅಬ್ಬಾ ಗಾಳಿಗೆದುರಾಗಿ ಎಸೆದರು. ನಾಲ್ಕು ನಿಮಿಷ ಹಾರಿತು. ಇಳಿಯುವಾಗ ಕೂಳೆಗೆ ತಾಗಿ ಪ್ರೊಪೆಲ್ಲರ್ ಮುರಿಯಿತು. ಅದನ್ನು ನೋಟ್‌ಬುಕ್ಕಿನ ಖರ್ಚಿನ ಕಡೆ ಬರೆದಿದ್ದೇನೆ. ರಿಮೋಟ್ ಈಗ ಬೀರುವಿನ ಹೊರಗಿದೆ.