ಸಂಕಟಕಾಲದಲ್ಲಿ ಕಾಯೋತ್ಸರ್ಗ ಮತ್ತು ಪ್ರಮೋದಭಾವನೆ

ಧ್ಯಾನವೆಂದೊಡನೆ ಅದು ಮುನಿಗಳ ವಿಷಯ, ಸಂಸಾರಿಗಳಿಗೆ ಎಟುಕದ್ದು ಎಂದು ಬಹುಮಂದಿ ಶ್ರಾವಕರು ಭಾವಿಸುತ್ತಾರೆ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ನಾಲ್ಕಾಗಿ ವಿಂಗಡಿಸಿ, ಸಂಕಟಪಡುವ ಮನಸ್ಸನ್ನೇ ಮೊದಲು ಹೆಸರಿಸಿದ್ದಾರೆ. ಹುಣಸೂರು, ಪಿರಿಯಾಪಟ್ಟಣಗಳ ಹರಾಜಿನಲ್ಲಿ ಹೊಗೆಸೊಪ್ಪಿನ ಬೆಲೆ ಕುಸಿದ ದಿನ ಸಾಲವನ್ನು ನೆನೆದು ಇರುಳೆಲ್ಲ ಹೊರಳಾಡುವ ರೈತನೂ, ಕಾಡಂಚಿನ ಹೆಗ್ಗಡದೇವನಕೋಟೆಯಲ್ಲಿ ಆನೆ ತುಳಿದ ಪೈರನ್ನು ನೋಡುತ್ತ ನಿಂತವನೂ ಧ್ಯಾನವನ್ನರಿಯದವರಲ್ಲ. ಅವರ ಮನಸ್ಸು ಏಕಾಗ್ರವಾಗಿಯೇ ಇದೆ. ಹಿಡಿದ ವಿಷಯ ಮಾತ್ರ ಬೇರೆ.

ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ನಿದಾನ ಎಂಬ ನಾಲ್ಕು ಆರ್ತಧ್ಯಾನಗಳಲ್ಲಿ ಮೊದಲ ಮೂರು ಎಲ್ಲರ ಅನುಭವಕ್ಕೂ ಬರತಕ್ಕವು. ನಾಲ್ಕನೆಯದರ ಮಾತು ಮುಂದೆ ಬರುತ್ತದೆ. ಉತ್ತಮ ಸಂಹನನವುಳ್ಳವರಿಗೂ ಏಕಾಗ್ರತೆಗೆ ಅಂತರ್ಮುಹೂರ್ತವೇ ಮೇರೆ. ಮುಹೂರ್ತವೆಂದರೆ 48 ನಿಮಿಷ. ಹೀಗಿರುವಾಗ ಇಂದಿನ ದೇಹಬಲದವರು ಮೂರು ನಾಲ್ಕು ನಿಮಿಷ ನಿಂತರೆ ಅದನ್ನು ಅಲ್ಪವೆಂದು ಕಡೆಗಣಿಸಲಾಗದು.

ಆ ಮೂರು ನಾಲ್ಕು ನಿಮಿಷಗಳಿಗೆ ಹೊಸ ಸಾಧನೆಯನ್ನು ಹುಡುಕಬೇಕಾಗಿಲ್ಲ. ಬಸದಿಯಲ್ಲಿ ದರ್ಶನಾನಂತರ ಮಾಡುವ ಒಂಬತ್ತು ಣಮೋಕಾರಗಳ ಕಾಯೋತ್ಸರ್ಗವೇ ಸಾಕು. ಒಂದು ಣಮೋಕಾರಕ್ಕೆ ಮೂರು ಉಚ್ಛ್ವಾಸಗಳು: ಮೊದಲನೆಯದರಲ್ಲಿ ಉಸಿರನ್ನು ಒಳಗೆಳೆಯುತ್ತ ಅರಹಂತರನ್ನೂ ಬಿಡುತ್ತ ಸಿದ್ಧರನ್ನೂ, ಎರಡನೆಯದರಲ್ಲಿ ಆಚಾರ್ಯರನ್ನೂ ಉಪಾಧ್ಯಾಯರನ್ನೂ ನೆನೆದು, ಮೂರನೆಯ ಉಸಿರನ್ನು ಲೋಕದ ಸರ್ವಸಾಧುಗಳಿಗೆ ಮೀಸಲಿಡಬೇಕು. ಒಂಬತ್ತು ಸಲಕ್ಕೆ ಒಟ್ಟು 27 ಉಚ್ಛ್ವಾಸಗಳಾಗುತ್ತವೆ. ಅನೇಕರು ಇದನ್ನು ತುಟಿಯಲ್ಲಿ ಅರ್ಧ ನಿಮಿಷದಲ್ಲಿ ಮುಗಿಸಿ ಪ್ರಸಾದದ ಕಡೆ ತಿರುಗುವುದುಂಟು. ಆಗ ಎಣಿಕೆ ಉಳಿಯುತ್ತದೆ, ಉಸಿರು ಉಳಿಯುವುದಿಲ್ಲ. ನಿಮಿಷಕ್ಕೆ ಆರೇಳು ಉಸಿರಿನಂತೆ ನಿಧಾನಿಸಿದರೆ ಎದೆಬಡಿತ ತಗ್ಗುತ್ತದೆಂದು ಇಂದಿನ ವೈದ್ಯರೂ ಒಪ್ಪುತ್ತಾರೆ. ಬಿಡುವ ಉಸಿರು ಎಳೆಯುವ ಉಸಿರಿಗಿಂತ ದೀರ್ಘವಾಗಿದ್ದರೆ ಒಳ್ಳೆಯದು.

ನಿಲುವನ್ನು ಅರಿಯಲು ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಾಹುಬಲಿಯನ್ನು ನೋಡಿ ಬಂದರೆ ಸಾಕು: ಇಳಿಬಿಟ್ಟ ತೋಳು, ಎಲ್ಲಿಯೂ ಬಿಗಿಯಿಲ್ಲದ ಮೈ. ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿರಬೇಕು. ಕುದುರೆಯಂತೆ ಒಂದು ಕಾಲೆತ್ತುವುದು, ಬಳ್ಳಿಯಂತೆ ತೂಗಾಡುವುದು, ಗೋಡೆಗೊರಗುವುದು ದೋಷಗಳು. ಆದರೆ ಕೆಟ್ಟ ಸುದ್ದಿ ಕೇಳಿ ಮೊಣಕಾಲು ನಡುಗುತ್ತಿರುವವರಿಗೆ ನಿಲ್ಲಬೇಕೆಂಬ ಕಟ್ಟುಪಾಡಿಲ್ಲ. ವಟ್ಟಕೇರರ ಮೂಲಾಚಾರವು ಕಾಯೋತ್ಸರ್ಗದಲ್ಲಿ ನಾಲ್ಕು ಬಗೆಗಳನ್ನು ಹೇಳುತ್ತದೆ. ದೇಹ ನಿಂತು ಮನಸ್ಸು ಆರ್ತರೌದ್ರಗಳಲ್ಲಿ ಕುಸಿದಿದ್ದರೆ ಅದು ಉತ್ಥಿತನಿವಿಷ್ಟ. ದೇಹ ಕುಳಿತಿದ್ದರೂ ಮನಸ್ಸು ಧರ್ಮ್ಯಧ್ಯಾನದಲ್ಲಿ ಎದ್ದು ನಿಂತಿದ್ದರೆ ಉಪವಿಷ್ಟೋತ್ಥಿತ. ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕುಳಿತವರಿಗೆ ಇದಕ್ಕಿಂತ ಒದಗುವ ಮಾತು ಯಾವುದಿದೆ?

ಉಸಿರು ತಹಬಂದಿಗೆ ಬಂದ ಮೇಲೆ ಮನಸ್ಸಿಗೊಂದು ಆಶ್ರಯ ಬೇಕು. ಬರಿದೆ ಬಿಟ್ಟರೆ ಅದು ಹಳೆಯ ಭಯಕ್ಕೇ ಮರಳುತ್ತದೆ. ಲೋಕದಲ್ಲಿ ಕೃತಜ್ಞತೆಯೆನ್ನುವುದಕ್ಕೆ ಆಗಮದಲ್ಲಿ ಸಮೀಪವಾದದ್ದು ಪ್ರಮೋದಭಾವನೆ, ಎಂದರೆ ಗುಣಾಧಿಕರನ್ನು ಕಂಡು ಸಂತೋಷಪಡುವುದು. ಮೈತ್ರಿ, ಕಾರುಣ್ಯ, ಮಾಧ್ಯಸ್ಥ್ಯಗಳೊಡನೆ ಸೂತ್ರದ ಏಳನೆಯ ಅಧ್ಯಾಯದಲ್ಲಿ ಇದು ಬರುತ್ತದೆ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ಐದನೆಯ ಅಧ್ಯಾಯದಲ್ಲಿ ಹೇಳಿರುವುದು ಇದಕ್ಕೆ ಆಧಾರ. ಅಭ್ಯಾಸ ಸರಳವಾದದ್ದು: ಆ ದಿನ ಉಪಕರಿಸಿದ ಮೂವರನ್ನು ಹೆಸರಿಡಿದು ನೆನೆದು, ಅವರಲ್ಲಿ ಕಂಡ ಗುಣವನ್ನು ಒಂದೊಂದು ಮಾತಿನಲ್ಲಿ ಹೇಳಿಕೊಳ್ಳುವುದು. ನಡುರಾತ್ರಿ ವಾಹನ ತಂದ ನೆರೆಯವನ ಧೈರ್ಯ, ದಾದಿಯ ತಾಳ್ಮೆ, ಹೀಗೆ. ಅಮೆರಿಕದ ಎಮನ್ಸ್ ಮತ್ತು ಮೆಕಲಫ್ ಎಂಬ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ನೆನಹುಗಳನ್ನು ವಾರವಾರವೂ ಬರೆದಿಟ್ಟವರ ಮನಃಸ್ಥಿತಿ ಕಷ್ಟಗಳನ್ನು ಪಟ್ಟಿಮಾಡಿದವರಿಗಿಂತ ಮೇಲಾಗಿತ್ತು.

ಇಲ್ಲಿಯೇ ಎಚ್ಚರ ಬೇಕು. ಸಂಕಟದಲ್ಲಿರುವವರ ಬಾಯಿಗೆ ಮೊದಲು ಬರುವುದು ಹರಕೆ: ಇದು ನೆಟ್ಟಗಾದರೆ ಇಷ್ಟು ಉಪವಾಸ, ಅದು ಕೈಗೂಡಿದರೆ ಅಷ್ಟು ಅಭಿಷೇಕ. ಫಲವನ್ನು ಬಯಸಿ ವ್ರತವನ್ನು ಒತ್ತೆಯಿಡುವುದೇ ನಿದಾನ, ನಾಲ್ಕನೆಯ ಆರ್ತಧ್ಯಾನ. ವೀತರಾಗನಾದ ಜಿನನು ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ಭಯದಲ್ಲಿ ಹರಕೆ ಹೊತ್ತ ತಾಯಿಯನ್ನು ಆಗಲೇ ಗದರಿಸುವುದು ಧರ್ಮವಲ್ಲ; ಅವಳು ಸಮಾಧಾನಗೊಂಡ ಮೇಲೆ, ಅದೇ ಉಪವಾಸವನ್ನು ಬಯಕೆಯಿಲ್ಲದೆ ಕರ್ಮನಿರ್ಜರೆಗಾಗಿ ಆಚರಿಸಬಹುದೆಂದು ಹಿರಿಯರು ತಿಳಿಹೇಳಬೇಕು.

ಎದೆನೋವು, ಉಸಿರುಕಟ್ಟುವಿಕೆ, ಮೂರ್ಛೆ ಕಂಡರೆ ಕಾಯೋತ್ಸರ್ಗಕ್ಕೆ ಕಾಯದೆ ವೈದ್ಯರ ಬಳಿಗೆ ಒಯ್ಯಬೇಕು. ನಿದ್ರೆಯಿಲ್ಲದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ, ಬದುಕೇ ಬೇಡವೆಂಬ ಮಾತು ಬಂದರೆ, ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆಮಾಡುವುದರಲ್ಲಿ ಸಂಕೋಚ ಸಲ್ಲದು. ಉಪವಾಸದ ದಿನ ಇಂಥದು ಒದಗಿದರೆ ವ್ರತಭಂಗದ ಭಯದಿಂದ ತಡಮಾಡಬಾರದು; ಪ್ರಾಯಶ್ಚಿತ್ತಕ್ಕೆ ಆಗಮದಲ್ಲಿ ಅವಕಾಶವಿದ್ದೇ ಇದೆ.

ಕಂಗೆಟ್ಟವರಿಗೆ ಎಣಿಕೆ ತಪ್ಪುವುದು ಸಹಜ. ಮನೆಯಲ್ಲಿ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಣಮೋಕಾರವನ್ನು ಮೆಲ್ಲಗೆ, ಅವರ ಉಸಿರಿಗೆ ಹೊಂದುವಂತೆ ಹೇಳುತ್ತ, ಬೆರಳುಗಳ ಮೇಲೆ ಒಂಬತ್ತನ್ನು ಎಣಿಸುತ್ತ ಹೋಗಬಹುದು.